ಅಡ್ಡ ಹಾಸಿದ ಫರ್ಸಿ

“ಕುತಗಿ ಬ್ಯಾಡ್ರಿ ಅಯ್ಯನೋರ, ಬರೇ ಕಣ್ಣ. ಕಣ್ಣಷ್ಟೇ ಹೊರಳಸ್ರಿ.”

ಗೋಡೆ ನೆಟ್ಟಗಿದೆಯೇ ಎಂದು ನೋಡುವ ಕಬ್ಬಿಣದ ಗುಂಡನ್ನು ದಾರದ ತುದಿಯಲ್ಲಿ ಹಿಡಿದು, ರೇವಣಸಿದ್ದಯ್ಯನವರ ಮೂಗಿನ ಮುಂದೆ ತೂಗುತ್ತ ಮಜೀದಸಾಬ ಕುಕ್ಕರಗಾಲಲ್ಲಿ ಕೂತಿದ್ದ. ಗುಂಡು ಎಡಕ್ಕೆ ಹೋದರೆ ಅಯ್ಯನವರ ಕಣ್ಣು ಎಡಕ್ಕೆ ಹೋಗಬೇಕು, ಬಲಕ್ಕೆ ಬಂದರೆ ಬಲಕ್ಕೆ. ತಲೆ ಮಾತ್ರ ಅಲುಗಬಾರದು. ಆದರೆ ಅಯ್ಯನವರ ಮೈಯಲ್ಲಿ ಈಗ ಎಲ್ಲವೂ ಉಲ್ಟಾ ನಡೆದಿತ್ತು. ಸುಮ್ಮನಿರಬೇಕಾದ ಬಲಗೈ ಬೆರಳು ಹಗಲೆಲ್ಲ ರುದ್ರಾಕ್ಷಿ ಎಣಿಸುತ್ತಿದ್ದಂತೆ ತಾವೇ ಆಡುತ್ತಿದ್ದವು; ಆಡಬೇಕಾದ ಕಣ್ಣು, ಕಾಲು ನಿಂತಲ್ಲೇ ನಿಂತುಬಿಡುತ್ತಿದ್ದವು.

ಬಾಗಿಲಲ್ಲಿ ಕೂತು ತೊಗರಿಬೇಳೆ ಹಸನು ಮಾಡುತ್ತಿದ್ದ ಹೆಂಡತಿ ಲಲಿತಾಬಾಯಿ ಸೆರಗು ಅಡ್ಡ ಹಿಡಿದು ನಕ್ಕಳು.

“ಮದಿವ್ಯಾದಾಗ ನನ್ನ ಕಡಿ ಸುದ್ದಾ ಇಷ್ಟೊತ್ತು ನೋಡಿದ್ದಿಲ್ಲ. ಈಗ ನೋಡ್ರಿ, ಕಬ್ಬಣದ ಗುಂಡಿನ ಮ್ಯಾಲ ಮನಸ ಬಂದದ.”

“ಗುಂಡ ಬಾಯಿ ಮುಚಗೊಂಡು ಇರ್ತದ, ಅದಕ್ಕ,” ಅಂದರು ಅಯ್ಯನವರು. ಇತ್ತೀಚೆಗೆ ಅವರ ದನಿ ಬಾವಿಯೊಳಗಿಂದ ಬಂದಂತೆ ಸಣ್ಣದಾಗಿತ್ತು. ಹೆಂಡತಿಗೆ ತಿರುಗುತ್ತರ ಕೊಡುವಷ್ಟು ಮಾತ್ರ ಇನ್ನೂ ಉಳಿದಿತ್ತು.

ರೇವಣಸಿದ್ದಯ್ಯನವರದು ಶಹಾಬಾದಿನ ಜಂಗಮ ಮನೆತನ. ಊರಲ್ಲಿ ಯಾರೇ ಹೊಸ ಮನೆ ಕಟ್ಟಲಿ, ಮೊದಲು ಹೊಸ್ತಿಲು ದಾಟಬೇಕಾದದ್ದು ಅವರ ಬಲಗಾಲು. ಆ ಪಾದ ಒಳಗೆ ಬೀಳುವ ತನಕ ಮನೆಯ ಯಜಮಾನನೂ ಅಂಗಳದಲ್ಲೇ, ಹಾಲು ಉಕ್ಕಿಸುವ ಗಡಿಗೆಯೂ ಅಂಗಳದಲ್ಲೇ. ಮೂವತ್ತು ವರ್ಷ ಅವರು ಈ ಕೆಲಸವನ್ನು ಎಂಥ ಠೀವಿಯಿಂದ ಮಾಡಿದ್ದರೆಂದರೆ, ಅಯ್ಯನವರು ಹೊಸ್ತಿಲು ದಾಟುವುದನ್ನು ನೋಡುವುದಕ್ಕಾದರೂ ಒಂದು ಮನೆ ಕಟ್ಟಬೇಕು ಎಂದು ಜನ ತಮಾಷೆ ಮಾಡುತ್ತಿದ್ದರು. ಅಯ್ಯನವರಿಗೂ ತಮ್ಮ ಕಾಲಿನ ಮೇಲೆ ಸ್ವಲ್ಪ ಅಭಿಮಾನವಿತ್ತು. ಸ್ವಲ್ಪವೇನು, ಬಹಳವೇ ಇತ್ತು.

ಆ ಅಭಿಮಾನಕ್ಕೆ ಕಲ್ಲು ಬಿದ್ದದ್ದು ಹಿಂದಿನ ವರ್ಷದ ಶ್ರಾವಣದಲ್ಲಿ, ಸಾಯಬಣ್ಣನ ಮನೆಯ ಬಾಗಿಲಲ್ಲಿ. ಸಾಯಬಣ್ಣ ಎಮ್ಮೆ ಸಾಕಿ, ಹಾಲು ಮಾರಿ ಮೇಲೆ ಬಂದವನು. ಸ್ಟೇಷನ್ನಿನ ಹತ್ತಿರ ದೊಡ್ಡ ಮನೆ ಕಟ್ಟಿಸಿದ್ದ. ಹಲಗೆ, ಸನಾದಿ, ಆರತಿ ಎಲ್ಲ ತಯಾರಾಗಿತ್ತು. ಅಯ್ಯನವರು ಹೊಸ್ತಿಲ ಮುಂದೆ ಬಂದರು, ಬಂದವರು ನಿಂತರು. ಕಾಲೆತ್ತಬೇಕೆಂದರೆ ಏಳಲೊಲ್ಲದು. ಅಂಗಾಲಿಗೆ ಯಾರೋ ಮೊಳೆ ಹೊಡೆದು ನೆಲಕ್ಕೆ ಕೂಡಿಸಿದಂತೆ. ಮೊಣಕಾಲು ನಿಂತಲ್ಲೇ ನಡುಗುತ್ತದೆ, ಪಾದ ಮುಂದೆ ಹೋಗುವುದಿಲ್ಲ. ಆರತಿ ಹಿಡಿದ ಹೆಂಗಸರ ಕೈ ಸೋತವು. ಆಗ ಹಿಂದಿನಿಂದ ಯಾರೋ ಹಿರಿಯ ಪಿಸುಗುಟ್ಟಿದ: “ಅಯ್ಯನೋರಿಗಿ ಒಳಗ ಏನೋ ಕಾಣಾಕತ್ತದ.”

ಅಷ್ಟೇ ಸಾಕಾಯಿತು. ಇಲ್ಲಪ್ಪ, ನನ್ನ ಕಾಲೇ ಬರಲೊಲ್ಲದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅಯ್ಯನವರು ಹೇಳಲಿಲ್ಲ. ಅವರಿಗೆ ನಾಚಿಕೆಯಾಯಿತು. ಕಣ್ಣು ಮುಚ್ಚಿ ನಿಂತರು, ಆ ಮುಚ್ಚಿದ ಕಣ್ಣೇ ಸಾಕ್ಷಿಯಾಯಿತು. ಮನೆಯಲ್ಲಿ ದೋಷವಿದೆ ಎಂದು ಊರು ತೀರ್ಮಾನ ಮಾಡಿತು. ಸಾಯಬಣ್ಣ ಹೊಸ ಮನೆಗೆ ಕೀಲಿ ಜಡಿದ. ಎರಡು ತಿಂಗಳು ಆ ಕಡೆ ತಲೆ ಹಾಕಲಿಲ್ಲ. ಆಮೇಲೆ, ಖಾಲಿ ಯಾಕೆ ಬಿಡಬೇಕೆಂದು ಅದರೊಳಗೆ ಎಮ್ಮೆ ಕಟ್ಟಿದ.

ಅಯ್ಯನವರ ಮರ್ಯಾದೆ ಮಾತ್ರ ಅಂದಿನಿಂದ ಒಂದು ಗೇಣು ಹೆಚ್ಚಾಯಿತು. ಬಾಗಿಲಲ್ಲಿ ನಿಂತೇ ಮನೆಯ ಗುಣ ಹೇಳುವ ಅಯ್ಯ ಎಂದು ಚಿತ್ತಾಪುರದಿಂದಲೂ ಜನ ಕರೆಯಲು ಬಂದರು. ಅವರಿಗೆಲ್ಲ ಒಂದಿಲ್ಲೊಂದು ನೆಪ ಹೇಳಿ ಕಳಿಸಿದ್ದಾಯಿತು. ಬೀದಿಯಲ್ಲಿ ಸಾಯಬಣ್ಣ ಎದುರಾದರೆ ಹೋಗಲಿ, ಅವನ ಎಮ್ಮೆ ಎದುರಾದರೂ ಅಯ್ಯನವರು ತಲೆ ತಗ್ಗಿಸುತ್ತಿದ್ದರು.

ರೋಗ ಏನೆಂದು ಹೇಳಿದವರು ವಾಡಿಯ ರೈಲ್ವೆ ದವಾಖಾನೆಯ ಡಾಕ್ಟರು. ಕರೆದುಕೊಂಡು ಹೋದವನು ಮಜೀದಸಾಬ. ಅವನು ಮನೆಗಳಿಗೆ ಫರ್ಸಿ ಹಾಸುವವನು. ಊರಿನ ಖಣಿಯಲ್ಲಿ ಹಾಳೆ ಹಾಳೆಯಾಗಿ ಏಳುವ ಬೂದುಗಲ್ಲನ್ನು ನೆಲಕ್ಕೆ ಕೂಡಿಸುವುದು ಅವರಪ್ಪನ ಕಾಲದಿಂದ ಬಂದ ಕಸುಬು. ಅಯ್ಯನವರೂ ಅವನೂ ಉರ್ದು ಶಾಲೆಯಲ್ಲಿ ಒಂದೇ ಚಾಪೆಯ ಮೇಲೆ ಕೂತು ಒಬ್ಬನೇ ಮೌಲವಿಯ ಕೈಯಲ್ಲಿ ಏಟು ತಿಂದವರು. ಐದು ವರ್ಷದ ಹಿಂದೆ, ಹೈದ್ರಾಬಾದ್ ಸಂಸ್ಥಾನ ಮುಳುಗುವ ಹೊತ್ತಿನ ಹಿಂದೂ-ಮುಸಲ್ಮಾನರ ಗದ್ದಲದಲ್ಲಿ, ಮೊದಲು ಅಯ್ಯನವರು ಊರು ಬಿಟ್ಟಾಗ ಅವರ ಮನೆಯ ಕೀಲಿಕೈ ಮಜೀದಸಾಬನ ಹತ್ತಿರ ಇತ್ತು, ಆಮೇಲೆ ಅವನು ಊರು ಬಿಟ್ಟಾಗ ಅವನದು ಅಯ್ಯನವರ ಹತ್ತಿರ. ಅದರ ಬಗ್ಗೆ ಇಬ್ಬರೂ ಮಾತಾಡುತ್ತಿರಲಿಲ್ಲ.

ಡಾಕ್ಟರು ಅಯ್ಯನವರನ್ನು ನಡೆಸಿದರು, ತಿರುಗಿಸಿದರು, ಬೆರಳು ಆಡಿಸಿ ಕಣ್ಣು ನೋಡಿದರು, ಹಿಂದಿನಿಂದ ಭುಜ ಹಿಡಿದು ಮೆಲ್ಲಗೆ ಜಗ್ಗಿದರು. ಜಗ್ಗಿದ ಕೂಡಲೇ ಅಯ್ಯನವರು ಅವರ ಮೈಮೇಲೇ ಒರಗಿದರು.

“ಇದು ತಲ್ಯಾಗಿಂದ ಬಂದ ಬ್ಯಾನಿ ಅದ್ರಿ. ಹೋಗಂಗಿಲ್ಲ, ನಿಮಗ ಸುಳ್ಳ ಹೇಳಂಗಿಲ್ಲ,” ಅಂದರು ಡಾಕ್ಟರು. “ಗುಳಿಗಿ ಕೊಡ್ತೀನಿ, ನಡುಗೂದು ಜರಾ ಕಮ್ಮಿ ಆಗ್ತದ. ಉಳದದ್ದು ನಿಮ್ಮ ಕೈಯಾಗದ. ಕುಂತ್ರಿ ಅಂದ್ರ ಕೆಟ್ರಿ. ದಿನಾ ನಡೀರಿ, ಕಣ್ಣ ಆಡಸ್ರಿ, ಬೀಳದಂಗ ತೋಲ ಹಿಡದು ನಿಂದ್ರೂದು ರೂಢಿ ಮಾಡ್ರಿ. ಬ್ಯಾನಿ ಒಂದ ಹೆಜ್ಜಿ ಮುಂದ ಬಂದ್ರ ನೀವೂ ಒಂದ ಹೆಜ್ಜಿ ಮುಂದ ಹೋಗ್ರಿ.”

ಹೆಜ್ಜೆ ಮುಂದೆ ಹೋಗುವುದೇ ತಾನೇ ತೊಂದರೆ! ವಾಡಿಯ ಪ್ಲಾಟ್‌ಫಾರ್ಮಿನ ಮೇಲೆ ಅಯ್ಯನವರು ಮತ್ತೆ ನಿಂತುಬಿಟ್ಟರು. ಶಹಾಬಾದಿನ ಗಾಡಿ ಆಚೆ ಬದಿಗೆ ನಿಂತು ಹೊಗೆ ಬಿಡುತ್ತಿತ್ತು. ಮಜೀದಸಾಬ ಅವರನ್ನು ಅರ್ಧ ಎತ್ತಿ, ಅರ್ಧ ಎಳೆದು ಪ್ಲಾಟ್‌ಫಾರ್ಮಿನ ತುದಿಗೆ ತಂದು, ಕೆಳಗಿನ ಖಾಲಿ ಹಳಿಗೆ ಇಳಿಸಿದ. ಹಳಿಯ ಗುಂಟ ಸ್ವಲ್ಪ ದೂರ ಹೋಗಿ ಆಚೆ ದಾಟಬೇಕಿತ್ತು. ಅವನು ಬೆವರು ಒರೆಸಿಕೊಂಡು ತಿರುಗಿ ನೋಡುತ್ತಾನೆ, ಅಯ್ಯನವರಿಲ್ಲ! ಇಪ್ಪತ್ತು ಮಾರು ಮುಂದೆ, ಹಳಿಯಡಿ ಅಡ್ಡ ಹಾಸಿದ ಮರದ ತೊಲೆಗಳ ಮೇಲೆ ಒಂದಾದ ಮೇಲೊಂದು ಕಾಲಿಡುತ್ತ ಮದುಮಗನ ಹಾಗೆ ಹೊರಟಿದ್ದರು.

“ಯಾ ಅಲ್ಲಾ! ನಿಂದರ್ರಿ ಅಯ್ಯನೋರ! ಹಿಂದಕ ಬರ್ರಿ!”

ಹಿಂದಕ್ಕೆ ಬಂದರು. ಮತ್ತೆ ಹೋದರು. ಮತ್ತೆ ಬಂದರು. ತೊಲೆ ಇರುವಲ್ಲಿ ಕಾಲು ಏಳುತ್ತಿತ್ತು, ತೊಲೆ ಮುಗಿದ ಕೂಡಲೇ ಅಂಟಿಕೊಳ್ಳುತ್ತಿತ್ತು. ಇಬ್ಬರೂ ಶಾಲೆ ತಪ್ಪಿಸಿದ ಹುಡುಗರಂತೆ ಹಳಿಯ ಮೇಲೆ ಓಡಾಡುತ್ತಿರುವಾಗ ಶಹಾಬಾದಿನ ಗಾಡಿ ಸಿಳ್ಳೆ ಹಾಕಿ ಹೋಗಿಯೇಬಿಟ್ಟಿತು. ಯಾರಿಗೂ ಬೇಜಾರಾಗಲಿಲ್ಲ.

“ನಿಮ್ಮ ಕಾಲ ಸತ್ತಿಲ್ಲ,” ಅಂದ ಮಜೀದಸಾಬ. ಅವನ ಕಣ್ಣಲ್ಲಿ ನೀರು ಬಂದಿತ್ತು. “ಅದಕ್ಕ ಗೆರಿ ಬೇಕು. ಅಡ್ಡ ಗೆರಿ ಕಂಡ್ರ ಏಳ್ತದ. ಗೆರಿ ಹಾಸೂದು ಯಾರ ಕಸಬರಿ? ನಂದು!”

ಮರುದಿನವೇ ಅವನು ತನ್ನ ಹಿತ್ತಲಲ್ಲಿ ಉದ್ದನೆಯ ಫರ್ಸಿಗಳನ್ನು ಅಡ್ಡಡ್ಡ ಹಾಸಿ, ನಡುವಿನ ಸಂದಿಗೆ ಬಿಳಿ ಸುಣ್ಣ ತುಂಬಿದ. ಗೆರೆಯಿಂದ ಗೆರೆಗೆ ಅಯ್ಯನವರ ಒಂದು ಹೆಜ್ಜೆ. ಅಳತೆಗೆ ಲಲಿತಾಬಾಯಿ ಅವರ ಹಳೆಯ ಮರದ ಆವಿಗೆಗಳನ್ನು ತಂದುಕೊಟ್ಟಿದ್ದಳು. ಕಾಲು ಎತ್ತುವ ಮೊದಲು ಕಣ್ಣು ಹೋಗಿ ಮುಂದಿನ ಗೆರೆಯ ಮೇಲೆ ಕೂರಬೇಕು ಎಂಬುದು ಎರಡೇ ದಿನದಲ್ಲಿ ತಿಳಿಯಿತು. ಆದರೆ ಕಣ್ಣೇ ಜಿಡ್ಡುಗಟ್ಟಿದ್ದವು. ಅದಕ್ಕಾಗಿ ಈ ಗುಂಡಿನ ಸೇವೆ. ಊರಿಗೆ ಇದೊಂದೂ ಗೊತ್ತಿರಲಿಲ್ಲ. ಗೊತ್ತಾಗಕೂಡದು ಎಂದು ಅಯ್ಯನವರು ಇಬ್ಬರಿಂದಲೂ ಆಣೆ ಮಾಡಿಸಿಕೊಂಡಿದ್ದರು.

ಹೀಗಿರುವಾಗ ಒಂದು ಮುಂಜಾನೆ ಪೀರಮ್ಮ ಬಂದಳು. ಖಣಿಯಲ್ಲಿ ಫರ್ಸಿ ಹೊರುವ ಹೆಂಗಸು, ಗಂಡ ಸತ್ತು ಎಂಟು ವರ್ಷವಾಗಿತ್ತು. ಅಂಚು ಮುರಿದಿದೆ, ಮೂಲೆ ಹೋಗಿದೆ ಎಂದು ಖಣಿಯವರು ಬಿಸಾಕಿದ ಕಲ್ಲನ್ನು ದಿನಕ್ಕೊಂದರಂತೆ ತಲೆಯ ಮೇಲೆ ಹೊತ್ತು ತಂದು, ಎಂಟು ವರ್ಷ ಕೂಡಿಟ್ಟು, ಈಗ ಎರಡು ಕೋಣೆಯ ಮನೆ ಎಬ್ಬಿಸಿದ್ದಳು. ಅಯ್ಯನವರ ಪಾದಕ್ಕೆ ಹಣೆ ಮುಟ್ಟಿಸಿ ಎದ್ದು ಕೂತಳು.

“ಗಂಡಿಲ್ಲದಾಕಿ ಕಟ್ಟಿದ ಮನಿ ಅಂತ ಮಂದಿ ಮೂಗ ಮುರ್ಯಾಕತ್ತದರಿ ಅಪ್ಪೋರ. ಏನಾರ ದೋಷ ಇದ್ದೇ ಇರ್ತದ ಅಂತಾರ. ನೀವು ಬಂದು ಹೊಸ್ತಿಲ ದಾಟಿದ್ರ ಎಲ್ಲಾರ ಬಾಯಿ ಬಂದಾಗ್ತದ. ಫರ್ಸಿ ಹಾಸಿದ ಮ್ಯಾಲ ನಾ ಒಳಗ ಕಾಲಿಡಂಗಿಲ್ಲ. ನೀವು ದಾಟೂ ತನಕ ನಾನೂ ದಾಟಂಗಿಲ್ಲ.”

ಅಯ್ಯನವರ ಗಂಟಲಲ್ಲಿ ಎಂದಿನ ನೆಪ ಸಿದ್ಧವಾಗಿತ್ತು. ಆದರೆ ಆ ಹೆಂಗಸಿನ ತಲೆಯ ನಡುವೆ, ಸಿಂಬಿ ಇಟ್ಟೂ ಇಟ್ಟೂ ಕೂದಲು ಸವೆದುಹೋದ ಒಂದು ಬಟ್ಟಲಗಲದ ಜಾಗ ಕಂಡಿತು. “ಬರ್ತೀನಿ,” ಅಂದುಬಿಟ್ಟರು. ಮುಹೂರ್ತಕ್ಕೆ ನಲವತ್ತು ದಿನವಿತ್ತು.

ಆಕೆ ಹೋದ ಮೇಲೆ ಲಲಿತಾಬಾಯಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. “ಅಲ್ರಿ, ನಿಂತಗಿಂತ್ರಿ ಅಂದ್ರ ಆಕಿ ಮನೀನೂ ಎಮ್ಮಿ ಕಟ್ಟೂ ಮನಿ ಆಗ್ತದ. ಅಷ್ಟ ತಿಳೀತಿಲ್ಲ?”

“ತಿಳೀತದ. ಅದಕ್ಕೇ ನಲವತ್ತ ದಿನ ನನಗ ಸುಮ್ನ ಬಿಡಬ್ಯಾಡ.”

ಬಿಡಲಿಲ್ಲ. ಬೆಳಗಿನ ಪೂಜೆ ಮುಗಿದ ಕೂಡಲೇ ಗುಂಡು ತೂಗುವುದು: ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ. ಆಮೇಲೆ ಒಂದು ಕಾಲ ಮೇಲೆ ತೋಲ ಹಿಡಿದು ನಿಲ್ಲುವುದು. ಹಿಂದೆ ಲಲಿತಾಬಾಯಿ ಎರಡೂ ಕೈ ಚಾಚಿಕೊಂಡು ಕಾಯುವುದು. ಆಮೇಲೆ ಹಿತ್ತಲ ಫರ್ಸಿ. ಮಜೀದಸಾಬ ಮರದ ಕೊಡತಿಯಿಂದ ಕಲ್ಲಿಗೆ ಟಕ್ ಟಕ್ ಎಂದು ಬಡಿಯುತ್ತ ಕೂರುತ್ತಿದ್ದ, ಆ ಸಪ್ಪಳಕ್ಕೆ ಹೆಜ್ಜೆ ಬೀಳಬೇಕು. ತಿರುಗುವುದು ಎಲ್ಲಕ್ಕಿಂತ ಕಷ್ಟ. ನಿಂತಲ್ಲೇ ತಿರುಗಲು ಹೋದರೆ ಕಾಲಿಗೆ ಕಾಲು ತೊಡರುತ್ತಿತ್ತು.

“ಬಂಡಿ ತಿರುಗಿಸಿದಂಗ ತಿರುಗ್ರಿ,” ಎನ್ನುತ್ತಿದ್ದ ಮಜೀದಸಾಬ. “ದೊಡ್ಡಕ, ಸುತ್ತ ಹೊಡದು. ಯಾರ ಹೊಲಾನೂ ತುಳ್ಯಾಕತ್ತಿಲ್ಲ ನೀವು.”

ಹದಿನೈದನೆಯ ದಿನವಿರಬೇಕು, ಅಯ್ಯನವರು ಹಿಂದಕ್ಕೆ ವಾಲಿ, ಕಾಯುತ್ತಿದ್ದ ಲಲಿತಾಬಾಯಿಯನ್ನೂ ಕರೆದುಕೊಂಡು ಮರಳಿನ ಗುಡ್ಡೆಯ ಮೇಲೆ ಬಿದ್ದರು. ಮಜೀದಸಾಬ ಕೊಡತಿ ಬಿಟ್ಟು ಓಡಿಬಂದ. ಆಮೇಲೆ ಕೆಳಗಿನಿಂದ ಆಕೆಯ ದನಿ ಬಂತು.

“ನಿಮ್ಮ ಭಾರ ಹೊರೂದು ನನಗೇನ ಹೊಸಾದಲ್ಲ. ಆದ್ರ ಮರಳ ಬಾಯಾಗ ಹೋಗ್ಯದ. ಏಳ್ರಿ ಇನ್ನ.”

ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುವಾಗ ತಮ್ಮ ಮುಖ ಬಿಗಿದುಕೊಂಡಿಲ್ಲ, ತುಟಿ ಮೊದಲಿನಂತೆ ಅಗಲವಾಗುತ್ತಿದೆ ಎಂಬುದು ಅಯ್ಯನವರ ಗಮನಕ್ಕೆ ಬಂತು. ಎಷ್ಟು ದಿನವಾಗಿತ್ತೋ ಹೀಗೆ ನಕ್ಕು! ಆ ದಿನ ಅವರು ಹೇಳಿಸಿಕೊಳ್ಳದೆ ಇನ್ನೂ ನಾಲ್ಕು ಸುತ್ತು ಹೆಚ್ಚು ನಡೆದರು.

ಅತ್ತ ಪೀರಮ್ಮನ ಮನೆಯ ಫರ್ಸಿ ಕೆಲಸವೂ ಮಜೀದಸಾಬನದೇ. ಅಲ್ಲಿ ಬೇರೊಂದು ಜಗಳ ನಡೆದಿತ್ತು. ಆಕೆ ಹೊಸ್ತಿಲಾಚೆ ನಿಂತು, ಒಳಗೆ ಕಾಲಿಡದೆ, ಕುತ್ತಿಗೆ ಮಾತ್ರ ಚಾಚಿ ಕೂಗುತ್ತಿದ್ದಳು.

“ಎಲ್ಲಾರ ಮನ್ಯಾಗೂ ಫರ್ಸಿ ಬಾಗಲದಿಂದ ಒಳಗ ಉದ್ದಕ ಹೋಗ್ತಾವ. ನನ್ನ ಮನ್ಯಾಗ ಯಾಕ ಅಡ್ಡಡ್ಡ ಮಲಗ್ಯಾವರಿ ಮಜೀದಸಾಬ?”

“ಇದು ಹೊಸಾ ಫ್ಯಾಶನ್ ಅದವ್ವ. ಹೈದ್ರಾಬಾದದಾಗ ಈಗ ಹಿಂಗೇ.”

“ಸುಣ್ಣದ ಗೆರಿ ಯಾಕ ಅಷ್ಟ ದಪ್ಪ?”

“ಅದೂ ಫ್ಯಾಶನ್ನೇ.”

ಮುಹೂರ್ತದ ದಿನ ಬೆಳಿಗ್ಗೆ ಅಯ್ಯನವರು ಮಡಿಯುಟ್ಟು, ವಿಭೂತಿ ಧರಿಸಿ, ಬಂಡಿಯಲ್ಲಿ ಕೂತರು.  ಮನಸ್ಸಿಗೆ ಧೈರ್ಯವಿತ್ತು. ಪಡಸಾಲೆಯಿಂದ ಒಳಗಿನ ಗದ್ದಿಗೆಯ ತನಕ ಹನ್ನೊಂದು ಗೆರೆ. ಐದನೆಯದರ ಆಚೆ ಹೊಸ್ತಿಲು. ಮಜೀದಸಾಬ ಹೇಳಿ ಹೇಳಿ ಒಂದೊಂದೂ ಅವರಿಗೆ ಬಾಯಿಪಾಠವಾಗಿತ್ತು. ಓಣಿಯ ತಿರುವಿನಲ್ಲಿ ಹಲಗೆಯ ಸದ್ದು ಕೇಳಿತು. ಊರೆಲ್ಲ ಬಂದಿತ್ತು. ಸಾಯಬಣ್ಣನೂ ಬಂದಿದ್ದ, ಹೆಂಡತಿ ಮಹಾದೇವಮ್ಮನೊಂದಿಗೆ ಒಂದು ಬದಿಗೆ ಕೈಕಟ್ಟಿಕೊಂಡು ನಿಂತಿದ್ದ.

ಬಂಡಿಯಿಂದಿಳಿದು ತಲೆಯೆತ್ತಿದ ಅಯ್ಯನವರ ಜೀವ ಜಲ್ಲೆಂದಿತು.

ಅಂಗಳದಿಂದ ಪಡಸಾಲೆಗೆ, ಪಡಸಾಲೆಯಿಂದ ಹೊಸ್ತಿಲು ದಾಟಿ ಗದ್ದಿಗೆಯ ತನಕ, ಹೊಚ್ಚ ಹೊಸ ಬಿಳಿ ಧೋತರ ಒಂದರ ತುದಿಗೊಂದು ಸೇರಿಸಿ ಹಾಸಿತ್ತು. ನಡೆಮಡಿ. ಅಯ್ಯನವರ ಪಾದ ನೆಲಕ್ಕೆ ತಾಗಬಾರದೆಂದು ಹಾಸುವ ಬಟ್ಟೆ. ಬಡವರು ಹಾಸುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಪೀರಮ್ಮ ತನ್ನ ಮನೆಗೆ ಯಾವುದೂ ಕಡಿಮೆಯಾಗಬಾರದೆಂದು ಹಾಸಿಸಿದ್ದಳು. ಅದರ ಕೆಳಗೆ ಹನ್ನೊಂದು ಗೆರೆಯೂ ಮುಚ್ಚಿಹೋಗಿದ್ದವು. ಪಕ್ಕದಲ್ಲಿ ನಿಂತಿದ್ದ ಮಜೀದಸಾಬನ ಮುಖ ಸುಣ್ಣದಂತಾಗಿತ್ತು. ಅವನು ಏನೋ ಕೂಗಿದ, ಹಲಗೆಯ ಸದ್ದಿನಲ್ಲಿ ಅದು ಯಾರಿಗೂ ಕೇಳಲಿಲ್ಲ.

ಹಿಂದೆ ಬರುತ್ತಿದ್ದ ಲಲಿತಾಬಾಯಿಯ ಬಳೆಯ ಸದ್ದನ್ನೇ ಹಿಡಿದು ಅಂಗಳ ಹೇಗೋ ಮುಗಿಯಿತು. ಪಡಸಾಲೆ ಹತ್ತಿದ ಕೂಡಲೇ ಕಾಲು ನಿಂತವು. ಕಣ್ಣು ಮುಂದೆ ಹೋಯಿತು. ಕೂರಲು ಜಾಗ ಹುಡುಕಿತು. ಬರೀ ಬಿಳುಪು. ಮೊಣಕಾಲು ಆ ಹಳೆಯ ನಡುಕ ಶುರುಮಾಡಿದವು. ಹಲಗೆಯವನು ಇನ್ನೊಂದು ಸುತ್ತು ಬಡಿದ. ಆಮೇಲೆ ಅವನೂ ನಿಲ್ಲಿಸಿದ.

“ಅಯ್ಯನೋರಿಗಿ ಏನೋ ಕಾಣಾಕತ್ತದ,” ಎಂದಿತು ಗುಂಪಿನಲ್ಲೊಂದು ದನಿ.

“ನಮ್ಮ ಮನಿ ಮುಂದೂ ಹಿಂಗೇ ನಿಂತಿದ್ರು,” ಅಂದ ಸಾಯಬಣ್ಣ. ಅವನ ಮಾತಿನಲ್ಲಿ ಕೊಂಕಿರಲಿಲ್ಲ, ದುಃಖವಿತ್ತು. ಅದು ಇನ್ನೂ ಚುಚ್ಚಿತು.

ಪೀರಮ್ಮ ಪಾದ ತೊಳೆಯುವ ತಾಮ್ರದ ಚೊಂಬು ಹಿಡಿದು ಬಾಗಿಲ ಬದಿಗೆ ನಿಂತಿದ್ದಳು. ಆಕೆ ಅಳಲಿಲ್ಲ. ಒಮ್ಮೆ ಅಯ್ಯನವರನ್ನು ನೋಡಿದಳು. ಆಮೇಲೆ ತಿರುಗಿ ತನ್ನ ಮನೆಯನ್ನು ನೋಡಿದಳು, 'ನೀ ಏನು ತಪ್ಪು ಮಾಡಿದಿ' ಎಂದು ಮಗುವನ್ನು ಕೇಳುವಂತೆ.

ಕಣ್ಣು ಮುಚ್ಚಿಬಿಡುವುದು ಸುಲಭವಿತ್ತು. ಮುಚ್ಚಿದರೆ ಅಯ್ಯನವರ ಮಾನ ಉಳಿಯುತ್ತಿತ್ತು, ಒಂದು ಗೇಣು ಹೆಚ್ಚೂ ಆಗುತ್ತಿತ್ತು. ರೆಪ್ಪೆ ಅರ್ಧ ಇಳಿದೂ ಇದ್ದವು. ಅವರು ಕಷ್ಟಪಟ್ಟು ತೆರೆದರು.

“ಮನಿಗಿ ಏನೂ ಆಗಿಲ್ಲ,” ಅಂದರು.

ಯಾರಿಗೂ ಕೇಳಲಿಲ್ಲ. ಆ ದನಿ ಗಡ್ಡ ದಾಟಿ ಹೊರಗೆ ಬಂದರೆ ತಾನೇ! ಅಯ್ಯನವರಿಗೆ ತಮ್ಮ ಮೇಲೇ ಸಿಟ್ಟು ಬಂತು. ಹೊಟ್ಟೆಯ ತಳದಿಂದ ಉಸಿರು ಎಳೆದು, ಹರಹರ ಮಹಾದೇವ ಎನ್ನುವ ಹಾಗೆ ಕೂಗಿದರು:

“ಮನಿಗಿ ಏನೂ ಆಗಿಲ್ರಿ! ನನ್ನ ಕಾಲಿಗಿ ಆಗ್ಯದ! ನನಗ ನಡುಕದ ಬ್ಯಾನಿ ಅದ. ಗೆರಿ ಕಾಣಲಿಲ್ಲಂದ್ರ ಕಾಲ ಏಳಂಗಿಲ್ಲ. ಸಾಯಬಣ್ಣ, ಕೇಳೋ ಇಲ್ಲಿ! ನಿನ್ನ ಮನಿಗೂ ಏನೂ ಆಗಿದ್ದಿಲ್ಲ. ಅವತ್ತೂ ನಿಂತಿದ್ದು ನನ್ನ ಕಾಲೇ. ನಾಚಿಕಿ ಬಂದು ಕಣ್ಣ ಮುಚ್ಚಗೊಂಡೆ. ತಪ್ಪಾತು ನಂದು.”

ಇಷ್ಟು ಜೋರಾಗಿ ಅವರು ಮಾತಾಡಿ ವರ್ಷವಾಗಿತ್ತು. ಅಂಗಳದಲ್ಲಿ ಎಲ್ಲರೂ ಸಾಯಬಣ್ಣನ ಕಡೆ ತಿರುಗಿದರು. ಅವನು ಕಟ್ಟಿದ ಕೈ ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ.

“ಅಂದ್ರ... ನನ್ನ ಮನಿ ಛಲೋ ಅದ?”

“ಛಲೋ ಅದಪ್ಪ.”

“ದೋಷ ಗೀಷ?”

“ಏನೂ ಇಲ್ಲ.”

“ಮತ್ತ ನಮ್ಮ ಎಮ್ಮಿ ಹೊಸಾ ಮನ್ಯಾಗ, ನಾ ಸೋರೂ ಮನ್ಯಾಗ ಮಲಗೀನಲ್ರೀ ಇಷ್ಟ ದಿನ!” ಸಾಯಬಣ್ಣನ ಬಾಯಿ ತೆರೆದದ್ದು ತೆರೆದೇ ಇತ್ತು. ಬೈಯುತ್ತಾನೋ ಹೊಡೆಯಲು ಬರುತ್ತಾನೋ ಎಂದು ಜನ ಹಿಂದೆ ಸರಿದರು. ಅವನು ಹೆಂಡತಿಯ ಕಡೆ ತಿರುಗಿದ. “ಕೇಳಿದೇನಽ ಮಹಾದೇವಿ? ಮೂರ ಎಮ್ಮಿ ಆ ಮನ್ಯಾಗೇ ಕರಾ ಹಾಕಿದಾಗ್ಲೇ ನನಗ ತಿಳೀಬೇಕಿತ್ತು. ದೋಷ ಇದ್ದ ಮನ್ಯಾಗ ಮೂರೂ ಹೆಣ್ಣಗರಾ ಹುಟ್ತಾವೇನ?” ಎಂದವನೇ ಗೊಳ್ಳೆಂದು ನಕ್ಕ. ಕಣ್ಣೀರು ಒರೆಸಿಕೊಳ್ಳುತ್ತ ನಕ್ಕ. ಅವನ ಹಿಂದೆ ಇಡೀ ಅಂಗಳ ನಕ್ಕಿತು.

ಪೀರಮ್ಮ ಮಾತ್ರ ನಗಲಿಲ್ಲ. ಆಕೆ ಕೆಲಸದ ಹೆಂಗಸು.

“ಕಾಲಿಗಿ ಏನ ಬೇಕ್ರಿ ಅಪ್ಪೋರ?”

“ಗೆರಿ ಬೇಕವ್ವ. ನಿನ್ನ ಫರ್ಸಿ ಗೆರಿ. ಮಡಿ ತಗಿಸು.”

ಹಾಸಿದ ನಡೆಮಡಿ ತೆಗೆಯುವುದು ಶಾಸ್ತ್ರವಲ್ಲ ಎಂದು ಹಿರಿಯನೊಬ್ಬ ಗೊಣಗಿದ. ಪೀರಮ್ಮ ಅವನ ಕಡೆ ನೋಡಲೂ ಇಲ್ಲ. “ಅರಿವಿ ನಾ ಪ್ಯಾಟ್ಯಾಗ ತಂದೀನಿ. ಕಲ್ಲ ನನ್ನ ತಲಿ ಮ್ಯಾಲ ತಂದೀನಿ. ಅಪ್ಪೋರ ಪಾದ ಕಲ್ಲಿಗೇ ಮುಟ್ಟಲಿ,” ಎಂದು ಬಾಗಿ, ಅಯ್ಯನವರ ಪಾದದ ಮುಂದಿನ ಧೋತರದ ತುದಿ ಹಿಡಿದು, ಖಣಿಯಲ್ಲಿ ಕಲ್ಲೆತ್ತುವ ಆ ತೋಳಿನಿಂದ ಒಮ್ಮೆಲೇ ಜಗ್ಗಿದಳು. ಬಟ್ಟೆ ಒಳಮನೆಯಿಂದ ಸರ್‍ರೆಂದು ಓಡಿಬಂದು ಆಕೆಯ ಕಾಲ ಬಳಿ ಗುಡ್ಡೆಯಾಯಿತು.

ಬೂದುಗಲ್ಲಿನ ಮೇಲೆ ಅಡ್ಡಡ್ಡ ಬಿಳಿ ಗೆರೆ, ಒಂದರ ಹಿಂದೆ ಒಂದು, ಗದ್ದಿಗೆಯ ತನಕ. ಪೀರಮ್ಮ ಅವನ್ನು ನೋಡಿದಳು. ಅಯ್ಯನವರ ಕಾಲು ನೋಡಿದಳು. ಆಮೇಲೆ ನಿಧಾನಕ್ಕೆ ಮಜೀದಸಾಬನ ಕಡೆ ತಿರುಗಿದಳು.

“ಇದೇನ್ರಿ ನಿಮ್ಮ ಹೈದ್ರಾಬಾದ್ ಫ್ಯಾಶನ್?”

ಮಜೀದಸಾಬ ಆಕಾಶ ನೋಡತೊಡಗಿದ.

ಪೀರಮ್ಮ ಅಯ್ಯನವರ ಪಾದದ ಮೇಲೆ ಚೊಂಬಿನ ನೀರು ಸುರಿದಳು. ತಣ್ಣನೆ ನೀರು ಬೆರಳ ಸಂದಿಯಲ್ಲಿ ಇಳಿಯಿತು. ಅಯ್ಯನವರು ಕಣ್ಣನ್ನು ಮೊದಲ ಗೆರೆಯ ಮೇಲೆ ಕೂರಿಸಿದರು, ಕಾಲಿಗೆ ಹೇಳಿದರು. ಕಾಲು ಎದ್ದಿತು. ಎರಡನೆಯ ಗೆರೆ, ಮೂರನೆಯದು. ಹಳೆಯ ಠೀವಿ ಇರಲಿಲ್ಲ. ಕೆಸರಲ್ಲಿ ಕೊಕ್ಕರೆ ನಡೆದಂತೆ ಕಾಲು ಎತ್ತರಕ್ಕೆ ಏಳುತ್ತಿತ್ತು. ಹಲಗೆಯವನಿಗೆ ಅರ್ಥವಾಗಿರಬೇಕು, ಹೆಜ್ಜೆಗೊಂದರಂತೆ ಬಡಿಯತೊಡಗಿದ. ಐದನೆಯ ಗೆರೆ. ಹೊಸ್ತಿಲು ಎದುರಿಗೇ ಬಂತು. ಹೊಸ್ತಿಲನ್ನು ನೋಡದೆ ಅದರಾಚೆಯ ಬಿಳುಪಿಗೆ ಕಣ್ಣು ಕಳಿಸಿದರು. ಬಲಗಾಲು ಗಾಳಿಯಲ್ಲಿ ಒಂದು ಕ್ಷಣ ನಿಂತು ನಡುಗಿತು. ಲಲಿತಾಬಾಯಿ ಉಸಿರು ಎಳೆದುಕೊಂಡದ್ದು ಕೇಳಿಸಿತು.

ಪಾದ ಆಚೆ ಬಿತ್ತು.

ಅಂಗಳದಲ್ಲಿ ಎದ್ದ ಕೂಗಿಗೆ ನೆರೆಮನೆಯ ಕೋಳಿಗಳೆಲ್ಲ ಹಾರಿದವು. ಅಯ್ಯನವರು ನಿಲ್ಲಲಿಲ್ಲ. ಹನ್ನೊಂದನೆಯ ಗೆರೆಯ ತನಕ ನಡೆದು, ಬಂಡಿ ತಿರುಗಿಸಿದಂತೆ ದೊಡ್ಡದೊಂದು ಸುತ್ತು ಹೊಡೆದು, ಗದ್ದಿಗೆಯ ಮೇಲೆ ಕೂತರು. ಮೈಯೆಲ್ಲ ಬೆವರು. ಇಷ್ಟು ಸಂತೋಷ ಅವರಿಗೆ ಮೊದಲ ಮನೆಯ ಮೊದಲ ಹೊಸ್ತಿಲು ದಾಟಿದಾಗಲೂ ಆಗಿರಲಿಲ್ಲ.

ಹೊರಗೆ ಸಾಯಬಣ್ಣ ಮಜೀದಸಾಬನ ತೋಳು ಹಿಡಿದುಕೊಂಡಿದ್ದ. “ನಾಳಿಗೇ ಎಮ್ಮಿ ಬಿಚ್ತೀನಿ. ಆದ್ರ ನಮ್ಮಲ್ಲಿ ಫರ್ಸಿ ಉದ್ದಕ ಹಾಸ್ಯಾವಲ್ರಿ!” ಅದಕ್ಕೆ ಮಹಾದೇವಮ್ಮ, “ಮನ್ಯಾಗ ರಂಗೋಲಿ ಹಿಟ್ಟ ತೀರ್ಯದೇನ? ಗೆರಿ ನಾ ಎಳೀತೀನಿ. ನೀ ಮದಲ ಎಮ್ಮಿ ಸೆಗಣಿ ಬಳದು ತಗಿ,” ಅಂದಳು.

ಒಳಗೆ ಗದ್ದಿಗೆಯ ಮೇಲಿಂದ ಅಯ್ಯನವರು ಬಾಗಿಲ ಕಡೆ ನೋಡಿದರು. ಜನ ನುಗ್ಗಲು ಬಂದರೆ ಪೀರಮ್ಮ ಎರಡೂ ಕೈ ಚೌಕಟ್ಟಿಗೆ ಕೊಟ್ಟು ತಡೆದು ನಿಂತಿದ್ದಳು. ಫರ್ಸಿಯ ಮೇಲೆ, ಗೆರೆ ಗೆರೆಯ ನಡುವೆ, ಒಂದೊಂದು ಒದ್ದೆ ಹೆಜ್ಜೆ ಮೂಡಿತ್ತು. ಎಳೆದು ಹೋದದ್ದಲ್ಲ, ಹಿಮ್ಮಡಿಯಿಂದ ಐದೂ ಬೆರಳಿನ ತನಕ ಪೂರ್ತಿ ಬಿದ್ದದ್ದು. ಬಾಗಿಲ ಬಿಸಿಲಿಗೆ ಮೊದಲಿನವು ಆಗಲೇ ಅಂಚಿನಿಂದ ಆರತೊಡಗಿದ್ದವು.

“ಬಾ ಯವ್ವ ಒಳಗ,” ಅಂದರು ಅಯ್ಯನವರು.

ಪೀರಮ್ಮ ಸೀರೆಯ ನೆರಿಗೆ ಒಂದಿಷ್ಟು ಮೇಲಕ್ಕೆತ್ತಿದಳು. ಹೊಸ್ತಿಲಾಚೆಯ ಮೊದಲ ಹೆಜ್ಜೆಯ ಮೇಲೆ ತನ್ನ ಬಲಗಾಲು ಇಟ್ಟಳು, ಅದು ಆ ಗುರುತಿನೊಳಗೆ ಪೂರ್ತಿ ಹಿಡಿಸಿತು. ಆಮೇಲೆ ಎರಡನೆಯದು. ಎಲ್ಲಿಯೂ ಅವಸರ ಮಾಡದೆ, ಹೆಜ್ಜೆಯ ಮೇಲೆ ಹೆಜ್ಜೆಯಿಡುತ್ತ, ಕಲ್ಲಿನ ತಂಪು ಅಂಗಾಲಿಗೆ ತಾಗಿಸಿಕೊಳ್ಳುತ್ತ, ಆಕೆ ತನ್ನ ಮನೆಯೊಳಗೆ ಬಂದಳು.